ಮುಂದಕ್ಕೋಗಪ್ಪನ ಬಯಲು

ಈ ಐತಿಹ್ಯದ ಪ್ರತಿಯೊಂದು ಅಕ್ಷರವೂ ಸತ್ಯ. ಬೀರಪ್ಪದೇವರ ಗದ್ದುಗೆಯ ಮೇಲೆ, ಆ ಗದ್ದುಗೆಗೆ ಹಾಸಿದ ಕರಿಕಂಬಳಿಯ ಮೇಲೆ, ಆ ಕಂಬಳಿಗೆ ಉಣ್ಣೆ ಕೊಟ್ಟ ಕುರಿಯ ಮೇಲೆ ಕೈಯಿಟ್ಟು ಹೇಳಬಹುದಾದಷ್ಟು ಸತ್ಯ. ನಂಬದವರು ಕರಿಮೊರಡಿಗೆ ಬಂದು ಯಾರನ್ನು ಬೇಕಾದರೂ ಕೇಳಬಹುದು. ಊರಿನವರೆಲ್ಲ ಇದನ್ನೇ ಹೇಳುತ್ತಾರೆ. ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ, ಅಷ್ಟೆ. ಅವುಗಳಲ್ಲೆಲ್ಲ ಅತಿ ಕಡಿಮೆ ಉಪ್ಪುಖಾರ ಬಿದ್ದದ್ದನ್ನು ಆರಿಸಿ ಇಲ್ಲಿ ಬರೆದಿದೆ.

ಚಿತ್ರದುರ್ಗದಿಂದ ಮೂಡಣಕ್ಕೆ ಹೊರಟ ಬಸ್ಸು ಬಂಡೆಗಳ ನಡುವೆ ತೂಕಡಿಸುತ್ತ ಹೋಗಿ ಒಂದು ಒಂಟಿ ಬೇವಿನ ಮರದ ಹತ್ತಿರ ನಿಲ್ಲುತ್ತದೆ. ಕಂಡಕ್ಟರು ‘ಮುಂದಕ್ಕೋಗಪ್ಪಾ, ಮುಂದಕ್ಕೋಗಪ್ಪಾ’ ಎಂದು ಕೂಗುತ್ತಾನೆ. ಹೊಸಬರು ಗಾಬರಿಯಾಗಿ ಡ್ರೈವರನ ಕಡೆಗೆ ಒತ್ತರಿಸಿಕೊಂಡು ಹೋಗುತ್ತಾರೆ. ಗೊತ್ತಿದ್ದವರು ನಗುತ್ತ ಹಿಂದಿನ ಬಾಗಿಲಿನಿಂದ ಇಳಿಯುತ್ತಾರೆ. ಅಲ್ಲಿಂದ ಊರಿಗೆ ಹೋಗುವ ದಾರಿಯ ಎರಡೂ ಮಗ್ಗುಲಲ್ಲಿ ಕಲ್ಲು ಬಿಟ್ಟರೆ ಮುಳ್ಳು, ಮುಳ್ಳು ಬಿಟ್ಟರೆ ಕಲ್ಲು. ದೇವರು ಲೋಕವನ್ನೆಲ್ಲ ಕಟ್ಟಿ ಮುಗಿಸಿದ ಮೇಲೆ ಮಿಕ್ಕ ಜಲ್ಲಿಯನ್ನು ತಂದು ಸುರಿದ ಜಾಗವಿದು ಎನ್ನುತ್ತಾರೆ. ಇಲ್ಲಿ ಎರಡು ಮೇಕೆಗಳು ಎದುರುಬದುರಾದರೆ ಒಂದು ಹಿಮ್ಮುಖವಾಗಿ ನಡೆದೇ ಇನ್ನೊಂದಕ್ಕೆ ದಾರಿ ಕೊಡಬೇಕು. ಇಂಥ ಕಲ್ಲುರಾಶಿಯ ನಡುವೆ, ಜಡೆಗಟ್ಟಿದ ತಲೆಯಲ್ಲಿ ಯಾರೋ ಬೈತಲೆ ತೆಗೆದ ಹಾಗೆ, ಉದ್ದಕ್ಕೆ ನೇರವಾಗಿ ಒಂದು ಬಯಲು ತೆರೆದುಕೊಳ್ಳುತ್ತದೆ. ಅದರ ಪಡುವಣ ತುದಿಯಲ್ಲಿ ಸೂರಿಲ್ಲದ ಒಂದು ಕಲ್ಲುಕಟ್ಟೆ. ಕಟ್ಟೆಯ ಮೇಲೆ ಸೊಂಟದೆತ್ತರದ ಮರದ ಹಲಗೆಯೊಂದು ನೆಟ್ಟಗೆ ನಿಂತಿದೆ. ನೇಗಿಲಲ್ಲ, ದೋಣಿಯ ಹುಟ್ಟಲ್ಲ, ಬಾಗಿಲ ತೊಲೆಯಲ್ಲ. ನಡುವೆ ಸ್ವಲ್ಪ ತಿರುಚಿದೆ, ಒಂದು ಅಂಚಿಗೆ ಹಿತ್ತಾಳೆಯ ತಗಡು ಬಡಿದಿದೆ, ಮೈತುಂಬ ಅರಿಸಿನ ಕುಂಕುಮ. ಯಾವ ದೇವರಪ್ಪ ಇದು ಎಂದು ಕೇಳಿದವರಿಗೆ ಊರಿನವರು ಮುಂದಕ್ಕೋಗಪ್ಪ ಎನ್ನುತ್ತಾರೆ. ಹಾಗೆಂದರೆ ಏನು ಎಂದು ಕೇಳಿದವರಿಗೆ ಕೂರಲು ಕಂಬಳಿ ಹಾಸುತ್ತಾರೆ, ಏಕೆಂದರೆ ಹೇಳುವುದು ಸ್ವಲ್ಪ ಉದ್ದವಾಗುತ್ತದೆ.

ಕರಿಮೊರಡಿ ಕಂಬಳಿಯ ಊರು. ನಮ್ಮೂರ ಕಂಬಳಿಯನ್ನು ನಾವೇ ಹೊಗಳಿಕೊಳ್ಳುವುದು ಸಲ್ಲದು, ಆದ್ದರಿಂದ ನಡೆದದ್ದನ್ನಷ್ಟೇ ಹೇಳಬೇಕು. ಒಮ್ಮೆ ಬಾವಿಯ ಕೊಡ ಒಡೆದುಹೋದಾಗ ಊರಿನವರು ಆ ಬೇಸಿಗೆಯೆಲ್ಲ ಕಂಬಳಿಯಲ್ಲೇ ನೀರು ಸೇದಿದರು. ಅದೇ ಕಂಬಳಿಯನ್ನು ಹೊದ್ದು ಮಲಗಿದ ಒಬ್ಬಾತ, ಬೆವರು ಹೊರಹೋಗಲು ದಾರಿ ಕಾಣದೆ, ಬೆಳಿಗ್ಗೆ ಈಜಿಕೊಂಡು ಎದ್ದು ಬಂದ. ಇಂಥ ಬಿಗಿ ಬರುವುದು ಮಗ್ಗದಲ್ಲಲ್ಲ, ಬಯಲಿನಲ್ಲಿ. ನೂತ ಕರಿ ಉಣ್ಣೆಯ ನೂಲನ್ನು ಮೊದಲು ಗೂಟದಿಂದ ಗೂಟಕ್ಕೆ ಬಿಗಿಯಾಗಿ ಎಳೆದು ಹರಡಬೇಕು. ಇದಕ್ಕೆ ಹಾಸು ಎಂದು ಹೆಸರು. ಹುಣಸೆಬೀಜವನ್ನು ಹುರಿದು ಬೀಸಿ ಕುದಿಸಿದ ಗಂಜಿಯನ್ನು ಅದರ ಮೇಲೆ ಬಳಿದು, ಎರಡೂ ಕಡೆ ಸಾಲಾಗಿ ನಿಂತ ಹೆಂಗಸರು ಒಣಗುವವರೆಗೂ ಕುಂಚದಿಂದ ತಿಕ್ಕುತ್ತಲೇ ಇರಬೇಕು. ಎಳೆ ಕಲ್ಲಿಗೆ ತೊಡರಬಾರದೆಂದು ಅಜ್ಜಿ ಮುತ್ತಜ್ಜಿಯರ ಕಾಲದಿಂದ ಒಂದೊಂದೇ ಹರಳನ್ನು ಆಯ್ದು ಬಯಲನ್ನು ಅಂಗೈ ಮಾಡಿದ್ದಾರೆ. ಗಂಜಿ ಒಂದೇ ಸಮನೆ ಒಣಗಲೆಂದು ಗಾಳಿ ಬೀಸುವ ನೇರಕ್ಕೇ ಬಯಲನ್ನು ಬಿಡಿಸಿದ್ದಾರೆ. ನಡುವೆ ಕೈ ನಿಂತರೆ ಎಳೆಗೆ ಎಳೆ ಅಂಟಿ ಇಡೀ ಹಾಸು ಹಪ್ಪಳವಾಗುತ್ತದೆ. ಆದ್ದರಿಂದ ಗಂಜಿ ಬಿದ್ದ ಮೇಲೆ ಮಗು ಅತ್ತರೂ ಸರಿ, ಮನೆಗೆ ಬೀಗರು ಬಂದರೂ ಸರಿ, ಕೈ ಬಿಡುವಂತಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು. ಹಾಸಿನ ಮುಂದೆ ನಿಂತಾಗ ಕಾಣದ ಕಡೆಯಿಂದ ಯಾರಾದರೂ ಕೂಗಿದರೆ ಮೂರನೆಯ ಕೂಗಿನವರೆಗೆ ಓಗೊಡಬಾರದು, ಕತ್ತನ್ನೂ ಎತ್ತಬಾರದು. ಬಯಲಿನ ಗಾಳಿದೆವ್ವಕ್ಕೆ ಹೆಂಗಸರ ಕೈ ಬಿಡಿಸಿ ಹಾಸು ಕೆಡಿಸುವ ಚಪಲವಂತೆ. ಆದರೆ ಅದಕ್ಕೆ ಎರಡು ಕೂಗಿಗಿಂತ ಹೆಚ್ಚು ಉಸಿರಿಲ್ಲ; ಮೂರನೆಯ ಸಲವೂ ಕೂಗಿದವನು ಮನುಷ್ಯನೇ. ಅವಸರಪಟ್ಟು ಎರಡನೆಯದಕ್ಕೇ ಓಗೊಟ್ಟವಳನ್ನು, ಅವಳು ಎಷ್ಟೇ ಹಿರಿಯಳಾಗಿರಲಿ, ಆ ವರ್ಷವಿಡೀ ಬಯಲಿಗೆ ಸೇರಿಸುತ್ತಿರಲಿಲ್ಲ. ಬಯಲಿಲ್ಲದೆ ಕಂಬಳಿಯಿಲ್ಲ, ಕಂಬಳಿಯಿಲ್ಲದೆ ಕರಿಮೊರಡಿಯ ಹೆಂಗಸಿಗೆ ಊರಿನಲ್ಲಿ ಮಾತಿಲ್ಲ.

ಹಿಂದೆ ಒಮ್ಮೆ, ಈ ಸೀಮೆಗೆ ಕರೆಂಟಾಗಲಿ ಟಾರುರಸ್ತೆಯಾಗಲಿ ಬರುವುದಕ್ಕೆ ಮೊದಲು, ಬೆಂಗಳೂರಿನ ಒಂದು ವಿಮಾನಶಾಲೆಯಲ್ಲಿ ಸಂಪಂಗಿರಾಮ ಎಂಬ ತರುಣ ವಿಮಾನ ನಡೆಸುವುದನ್ನು ಕಲಿಯುತ್ತಿದ್ದ. ತೋಟದ ತಿಗಳರ ಮನೆಯವನು. ಅಪ್ಪ ಸೊಪ್ಪಿನ ಮಡಿಗಳಿಗೆ ನೀರು ತಿರುಗಿಸು ಎಂದರೆ ಮಗ ಆಕಾಶ ನೋಡುತ್ತ ನಿಂತು ಮಡಿಯನ್ನೇ ಒಡೆಸುತ್ತಿದ್ದ. ಇವನನ್ನು ನೆಲದ ಮೇಲೆ ಇಟ್ಟುಕೊಂಡರೆ ತೋಟ ಉಳಿಯುವುದಿಲ್ಲವೆಂದು ಅಪ್ಪನೇ ಮೇಲಕ್ಕೆ ಕಳಿಸಿದನಂತೆ. ಕಲಿಸುವ ವಿಮಾನವೆಂದರೆ ಈಗಿನ ಹಾಗೆ ಊರಿಗೆ ಊರನ್ನೇ ನುಂಗುವ ಭಾರಿ ಹಕ್ಕಿಯಲ್ಲ. ಮರದ ಎಲುಬು, ಅದರ ಮೇಲೆ ಬಣ್ಣ ಬಳಿದ ಬಟ್ಟೆಯ ಚರ್ಮ, ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಮೂಗಿನ ತುದಿಗೆ ಮರದ ಪಂಖ. ತಲೆಯ ಮೇಲೆ ಸೂರಿಲ್ಲ. ಮುಂದಿನ ಗುಂಡಿಯಲ್ಲಿ ಕಲಿಸುವವರು, ಹಿಂದಿನ ಗುಂಡಿಯಲ್ಲಿ ಕಲಿಯುವವನು. ಕಲಿಸುವವರು ಅಯ್ಯಣ್ಣ ಎಂಬ ಕೊಡಗಿನ ಮೇಷ್ಟ್ರು. ಆ ದಿನ ಅವರು ಮುಂದಿನ ಗುಂಡಿಯಿಂದ ಇಳಿದು, ‘ಬಳ್ಳಾರಿಯವರೆಗೆ ಒಬ್ಬನೇ ಹೋಗಿ ಬಾ’ ಎಂದರು. ಎಂಜಿನ್ ನಿಂತರೆ ಮೂಗು ತಗ್ಗಿಸು, ಜಾಗ ನೋಡು, ಗಾಳಿ ನೋಡು. ಗಾಬರಿಪಡುವುದನ್ನು ಮಾತ್ರ ಕೆಳಗಿಳಿದ ಮೇಲೆ ಇಟ್ಟುಕೋ, ಇದಿಷ್ಟೇ ಅವರ ವೇದಾಂತ. ಇದೆಲ್ಲ ನಮ್ಮೂರಿಗೆ ಹೇಗೆ ಗೊತ್ತಾಯಿತೆಂದರೆ, ಸಂಪಂಗಿರಾಮನೇ ಆಮೇಲೆ ಜಗಲಿಯ ಮೇಲೆ ಕೂತು, ಮುದ್ದೆಯ ತುತ್ತಿಗೊಂದು ಮಾತಿನಂತೆ, ಊರಿಗೆ ಊರೇ ಕೇಳುವ ಹಾಗೆ ಹೇಳಿದ.

ಹೊರಟಾಗ ಎಲ್ಲವೂ ಚೆನ್ನಾಗಿತ್ತು. ಕೆಳಗೆ ಕೆರೆಗಳು ಕನ್ನಡಿಚೂರುಗಳಂತೆ ಹಿಂದೆ ಸರಿದವು, ತೆಂಗಿನ ತೋಟಗಳು ತೆಳುವಾಗಿ ಕಡೆಗೆ ನಿಂತೇಹೋದವು, ನಮ್ಮ ಸೀಮೆಯ ಬಂಡೆಗಳು ಒಂದೊಂದಾಗಿ ತಲೆಯೆತ್ತಿದವು. ಲೋಕದಲ್ಲಿ ತನಗಿಂತ ಮೇಲೆ ಹದ್ದು ಮಾತ್ರ ಇದೆ ಎಂದುಕೊಂಡು ಸಂಪಂಗಿರಾಮ ಒಂದು ಹಾಡನ್ನು ಗಟ್ಟಿಯಾಗಿ ಶುರುಮಾಡಿದ. ಎಂಜಿನ್ನಿನ ಮೊರೆತದಲ್ಲಿ ತನ್ನ ರಾಗ ತನಗೇ ಕೇಳದಿದ್ದುದರಿಂದ ಅದು ಬಹಳ ಇಂಪಾಗಿತ್ತು. ಎರಡನೆಯ ಚರಣಕ್ಕೆ ಬರುವಾಗ ಬಿಸಿ ಎಣ್ಣೆಯ ವಾಸನೆ ಬಂತು. ಯಾರ ಮನೆಯಲ್ಲೋ ಬೋಂಡ ಕರಿಯುತ್ತಿದ್ದಾರೆ ಎಂದು ಅರೆಕ್ಷಣ ಅನ್ನಿಸಿ, ಇಷ್ಟು ಎತ್ತರದಲ್ಲಿ ಯಾರ ಮನೆ ಎಂದು ಹೊಳೆದಾಗ ಹಾಡು ನಿಂತಿತು. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ದೊಡ್ಡವರ ಮುಂದೆ ತಲೆ ತಗ್ಗಿಸುವವನಂತೆ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಅವನು ಗಾಜನ್ನು ಬೆರಳಿನಿಂದ ತಟ್ಟಿದ. ಅದು ಇನ್ನಷ್ಟು ವಿನಯದಿಂದ ಬಾಗಿತು. ಕನ್ನಡಕದ ಮೇಲೆ ಕರಿ ಹನಿಗಳು ಸಿಡಿದವು. ಎಂಜಿನ್ನು ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಯಜಮಾನನ ಹಾಗೆ ಎರಡು ಸಲ ಕೆಮ್ಮಿ, ಒಮ್ಮೆ ಮೈಯೆಲ್ಲ ಒದರಿ, ಹೇಳಬೇಕೆಂದಿದ್ದ ಮಾತನ್ನು ಹೇಳದೆಯೇ ನಿಂತುಬಿಟ್ಟಿತು. ಇಷ್ಟು ಹೊತ್ತು ಕಣ್ಣಿಗೆ ಬೀಳದಷ್ಟು ಜೋರಾಗಿ ಸುತ್ತುತ್ತಿದ್ದ ಪಂಖ, ಒಂಟಿಕಾಲಲ್ಲಿ ತಪಸ್ಸಿಗೆ ನಿಂತ ಋಷಿಯಂತೆ, ಮೂಗಿನ ನೇರಕ್ಕೆ ನೆಟ್ಟಗೆ ನಿಂತಿತು.

ಆಗ ಬಂದ ನಿಶ್ಶಬ್ದದ ವಿಷಯ ಹೇಳುವಾಗ ಸಂಪಂಗಿರಾಮ ಕೈಯಲ್ಲಿದ್ದ ತುತ್ತನ್ನು ಮತ್ತೆ ತಟ್ಟೆಗೆ ಇಟ್ಟನಂತೆ. ರೆಕ್ಕೆಯ ತಂತಿಗಳಲ್ಲಿ ಗಾಳಿ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಕೆಳಗಿನ ಯಾವುದೋ ಹಟ್ಟಿಯಲ್ಲಿ ನಾಯಿ ಬೊಗಳಿದ್ದು ಪಕ್ಕದಲ್ಲೇ ಬೊಗಳಿದಷ್ಟು ಸ್ಪಷ್ಟವಾಗಿತ್ತು. ಅವನ ಕೈಯಲ್ಲಿ ಕೋಲಿತ್ತು, ಕಾಲಡಿ ತುಳಿಯುವ ಪಟ್ಟಿಯಿತ್ತು. ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ಮೇಲಕ್ಕೆ ಎಂಬ ಒಂದು ಮಾತನ್ನು ಬಿಟ್ಟು ವಿಮಾನ ಹೇಳಿದ್ದನ್ನೆಲ್ಲ ಕೇಳುತ್ತಿತ್ತು. ಆ ಎಂಜಿನ್ನನ್ನು ಎಬ್ಬಿಸಲು ಕೆಳಗೆ ನಿಂತು ಕೈಯಿಂದ ಪಂಖ ತಿರುಗಿಸುವವನೊಬ್ಬ ಬೇಕಾಗಿತ್ತು, ಆ ಮಹಾನುಭಾವ ಬೆಂಗಳೂರಿನಲ್ಲಿ ಬೀಡಿ ಸೇದುತ್ತಿದ್ದ. ಮುಂದಿನ ಗುಂಡಿಯತ್ತ ಅವನು ಎರಡು ಮೂರು ಸಲ ನೋಡಿದ. ಅಲ್ಲಿ ಅಯ್ಯಣ್ಣ ಮೇಷ್ಟ್ರ ತಲೆ ಇರಬೇಕಾದ ಜಾಗದಲ್ಲಿ ಬರೀ ಆಕಾಶವಿತ್ತು. ಮೂಗು ತಗ್ಗಿಸಿದ. ಪೆಟ್ರೋಲಿನ ತಿರುಪು ಮುಚ್ಚಿದ. ಕಲಿತದ್ದೆಲ್ಲ ಅಲ್ಲಿಗೆ ಮುಗಿಯಿತು. ಇನ್ನು ಮಾಡುವುದಕ್ಕೆ ಉಳಿದದ್ದೆಂದರೆ ಇಳಿಯುವುದೊಂದೇ, ಅದನ್ನು ಅವನು ಮಾಡದಿದ್ದರೂ ಅದೇ ಆಗುತ್ತಿತ್ತು.

ಎತ್ತ ನೋಡಿದರೂ ಬಂಡೆ. ಬಂಡೆಯಿಲ್ಲದ ಕಡೆ ಕಳ್ಳಿಸಾಲು, ಕಳ್ಳಿಯಿಲ್ಲದ ಕಡೆ ಕೊರಕಲು. ಬಟ್ಟೆ ಹೊದ್ದ ಆ ವಿಮಾನ ಅವುಗಳ ಮೇಲೆ ಬಿದ್ದರೆ ಮುಳ್ಳುಬೇಲಿಯ ಮೇಲೆ ಒಗೆದ ಪಂಚೆಯ ಗತಿ. ಒಳಗಿರುವ ತನ್ನ ಗತಿಯನ್ನು ಅವನು ಯೋಚಿಸಲು ಹೋಗಲಿಲ್ಲ. ಅಷ್ಟರಲ್ಲಿ ಬಲಗಡೆ ದೂರದಲ್ಲಿ ಒಂದು ನೆಟ್ಟನೆಯ ಕರಿಗೆರೆ ಕಂಡಿತು. ಸುತ್ತ ಒಂದು ಹರಳೂ ಇಲ್ಲದ ಬಯಲು, ಬಯಲಿನ ನಡುವೆ ಉದ್ದಕ್ಕೆ ಟಾರು! ಪಕ್ಕದಲ್ಲಿ ಸಣ್ಣಗೆ ಹೊಗೆ ಏಳುತ್ತಿತ್ತು, ಹೊಗೆ ಮೂಡಣಕ್ಕೆ ವಾಲಿತ್ತು. ಎಂದರೆ ಗಾಳಿ ಪಡುವಣದ್ದು, ಆ ಗೆರೆಯೂ ಗಾಳಿಯ ನೇರಕ್ಕೇ ಇದೆ. ಯಾವ ಪುಣ್ಯಾತ್ಮರೋ ಈ ಕಾಡಿನಲ್ಲಿ ತನಗೆಂದೇ ಇಳಿದಾಣ ಕಟ್ಟಿ, ಟಾರು ಬಳಿದು, ಗಾಳಿ ತೋರಿಸಲು ಹೊಗೆಯನ್ನೂ ಹಾಕಿದ್ದಾರೆ ಎಂದುಕೊಂಡು ಅವನ ಕಣ್ಣಲ್ಲಿ ನೀರು ಬಂತು. ಪಾಪ, ಹೊಗೆ ಬರುತ್ತಿದ್ದುದು ಗಂಜಿಯ ಹಂಡೆಯ ಒಲೆಯಿಂದ. ವಿಮಾನವನ್ನು ಒಂದು ಸುತ್ತು ತಿರುಗಿಸಿ ಮೂಡಣ ತುದಿಯಿಂದ ಬಯಲಿನ ನೇರಕ್ಕೆ ತಂದ. ಎಣ್ಣೆ ಮೆತ್ತಿದ ಕನ್ನಡಕವನ್ನು ಹಣೆಗೇರಿಸಿ ನೋಡಿದ. ಟಾರು ಗಾಳಿಗೆ ಅಲುಗುತ್ತಿತ್ತು. ಅದರ ಎರಡೂ ಅಂಚಿನಲ್ಲಿ ಕೆಂಪು, ಹಸಿರು, ಹಳದಿ ಚುಕ್ಕೆಗಳಿದ್ದವು. ಚುಕ್ಕೆಗಳಿಗೆ ಕೈಗಳಿದ್ದವು.

ಬೇರೆ ಕಡೆಗೆ ತಿರುಗಿಸಲು ಅವನ ಹತ್ತಿರ ಇನ್ನು ಎತ್ತರ ಉಳಿದಿರಲಿಲ್ಲ. ಎಡಕ್ಕೂ ಬಂಡೆ, ಬಲಕ್ಕೂ ಬಂಡೆ, ಎದುರಿಗೆ ಹೆಂಗಸರು. ಅವರು ಮೇಲೆ ನೋಡುತ್ತಾರೆ, ಚೆದುರಿ ಓಡುತ್ತಾರೆ ಎಂದು ಕಾದ. ಯಾರೂ ನೋಡಲಿಲ್ಲ. ನೋಡುವುದಾದರೂ ಏಕೆ? ವಿಮಾನಗಳು ಆ ದಾರಿಯಲ್ಲಿ ಆಗಾಗ ಗುಡುಗಿಕೊಂಡು ಹೋಗುತ್ತಿದ್ದವು, ಕರಿಮೊರಡಿಗೆ ವಿಮಾನವೆಂದರೆ ಸದ್ದು. ಸದ್ದಿಲ್ಲದ ವಿಮಾನವನ್ನು ಊರು ಅದುವರೆಗೆ ಕಂಡಿರಲಿಲ್ಲ, ಕೇಳಿರಲಂತೂ ಇಲ್ಲ. ಅಂದು ಊರಿನ ಹಾಸುಗಳೆಲ್ಲ ಒಂದರ ಹಿಂದೊಂದು ಗೂಟಕ್ಕೆ ಏರಿದ್ದವು, ಗಂಜಿ ಆಗಷ್ಟೇ ಬಿದ್ದಿತ್ತು. ಮೂಡಣ ತುದಿಯ ಮೊದಲನೆಯ ಗೂಟದ ಹತ್ತಿರ ಸಿರಿಯಜ್ಜಿ ನಿಂತಿದ್ದಳು. ಬಯಲಿಗೆ ಹಿರಿಯಳು ಅವಳೇ. ಗಂಜಿಯ ಹದವನ್ನು ವಾಸನೆಯಲ್ಲೇ ಹೇಳುವವಳು, ಮಾತಿನ ಹದ ಮಾತ್ರ ಗೊತ್ತಿಲ್ಲದವಳು ಎಂದು ಸೊಸೆ ದ್ಯಾಮಕ್ಕ ಹೇಳುತ್ತಿದ್ದಳು. ಆ ದ್ಯಾಮಕ್ಕ ಹಾಸಿನ ಆಚೆಗೆ, ಅತ್ತೆಯ ಎದುರಿಗೇ ನಿಂತು ತಿಕ್ಕುತ್ತಿದ್ದಳು.

ಇಂಥ ಹೊತ್ತಿನಲ್ಲಿ ಏನೆಂದು ಕೂಗಬೇಕೆಂಬುದನ್ನು ಅಯ್ಯಣ್ಣ ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ. ವಿಮಾನಶಾಲೆಯಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತಿದ್ದುದರಿಂದ ಸಂಪಂಗಿರಾಮ ಗುಂಡಿಯ ಅಂಚಿಗೆ ಬಗ್ಗಿ, ಬಹಳ ಮರ್ಯಾದೆಯಿಂದ, ‘ಎಕ್ಸ್‌ಕ್ಯೂಸ್ ಮೀ!’ ಎಂದು ಕೂಗಿದ.

‘ಅತ್ತೇ, ಯಾರೋ ಕೂಗಿದಂಗಾತು,’ ಎಂದಳು ದ್ಯಾಮಕ್ಕ, ತಲೆಯೆತ್ತದೆ.

‘ಕೈಯಾಡ್ಸೇ. ಅದು ಒಂದ್ನೇದು.’

ವಿಮಾನ ಇನ್ನೂ ತಗ್ಗಿತು. ಅವನಿಗೆ ಈಗ ಕುಂಚಗಳು ಕಾಣುತ್ತಿದ್ದವು, ಬಳೆಗಳು ಕಾಣುತ್ತಿದ್ದವು. ಮುಖ ಮಾತ್ರ ಒಂದೂ ಕಾಣುತ್ತಿರಲಿಲ್ಲ. ಇಷ್ಟು ಜನ ಕಣ್ಣೆದುರಿಗಿದ್ದೂ ಒಬ್ಬರೂ ತನ್ನನ್ನು ನೋಡದಿರುವುದಕ್ಕಿಂತ ಬಂಡೆಯ ಮೇಲೆ ಬೀಳುವುದೇ ವಾಸಿಯಾಗಿತ್ತೇನೋ ಎಂದು ಅವನಿಗೆ ಅನ್ನಿಸಿತಂತೆ. ‘ಅಕ್ಕಂದಿರಾ, ಪಕ್ಕಕ್ಕೆ ಹೋಗ್ರೀ! ನಿಲ್ಸೋಕಾಗಲ್ಲಾ!’ ಎಂದು ಕಿರುಚಿದ.

‘ಅತ್ತೇ, ಮ್ಯಾಲಿಂದ ಬಂತು ಕಣತ್ತೆ.’

‘ಮ್ಯಾಲಿಂದಾನಾ ಬರ್ಲಿ, ಮಗ್ಗುಲಿಂದಾನಾ ಬರ್ಲಿ. ಎಲ್ಡಾತು.’

‘ಅಕ್ಕಂದಿರಾ ಅಂತೈತೆ.’

‘ದೆವ್ವಕ್ಕೂ ಅಕ್ಕ ತಂಗೇರು ಇರ್ತಾರೆ. ನೀನು ತಿಕ್ಕು.’

ಆಗ ಸಂಪಂಗಿರಾಮನಿಗೆ ಮುಂಚೂಣಿಯಲ್ಲಿ ಒಂದು ಬೆಳ್ಳಿತಲೆ ಕಂಡಿತು. ಎಷ್ಟು ಹತ್ತಿರವೆಂದರೆ ತುರುಬಿಗೆ ಸಿಕ್ಕಿಸಿದ ದಾಸವಾಳವೂ ಕಂಡಿತು. ತಾನು ಸಾಯುವುದು ಖಂಡಿತವಾಗಿತ್ತು. ತನ್ನೊಡನೆ ಆ ಮುದುಕಿಯೂ, ಅವಳ ಹಿಂದಿನ ಸಾಲಿಗೆ ಸಾಲೂ ಹೋಗುವುದು ಈಗ ಖಂಡಿತವಾಯಿತು. ಇಂಗ್ಲಿಷು ಆಗಲೇ ಮುಗಿದಿತ್ತು, ಕನ್ನಡವೂ ಮುಗಿಯಿತು. ಬಾಯಲ್ಲಿ ಉಳಿದದ್ದು ಒಂದೇ ಮಾತು. ‘ಅಮ್ಮಾ…’ ಎಂದ, ಉಸಿರಿರುವಷ್ಟೂ ಎಳೆದು.

ಸಿರಿಯಜ್ಜಿಯ ಬಾಗಿಲಿನಲ್ಲಿ ಹಾಗೆ ಎಳೆದು ಕೂಗುತ್ತಿದ್ದವರು ಭಿಕ್ಷಕ್ಕೆ ಬರುವ ಜೋಳಿಗೆಯವರು ಮಾತ್ರ.

‘ಮುಂದಕ್ಕೋಗಪ್ಪಾ, ಕೈ ಬಿಡುವಿಲ್ಲ!’ ಎಂದಳು.

ಲೋಕದಲ್ಲಿ ಈ ಮಾತನ್ನು ಕೇಳಿಸಿಕೊಂಡವರೆಲ್ಲ ಒಂದಿಷ್ಟು ಹೊತ್ತಾದರೂ ನಿಂತು ನೋಡುತ್ತಾರೆ. ಹೇಳಿದ ಕೂಡಲೇ ಮುಂದಕ್ಕೆ ಬಂದವನು ಸಂಪಂಗಿರಾಮನೊಬ್ಬನೇ, ಏಕೆಂದರೆ ಅವನಿಗೆ ಬೇರೆ ಉಪಾಯವಿರಲಿಲ್ಲ. ಓಗೊಟ್ಟವಳು ಕತ್ತೆತ್ತಬಹುದು, ಕೂಗಿದವನ ಮುಖ ನೋಡಬಹುದು, ಕಟ್ಟಳೆಯೇ ಹಾಗಿತ್ತು. ಸಿರಿಯಜ್ಜಿ ಕತ್ತೆತ್ತಿದಳು. ಆಕಾಶದಲ್ಲಿ ಎರಡು ಜೊತೆ ರೆಕ್ಕೆ, ಅವುಗಳ ನಡುವೆ ಎಣ್ಣೆ ಮೆತ್ತಿದ ಒಂದು ಮುಖ, ಆ ಮುಖದಲ್ಲಿ ಮುಚ್ಚಲು ಮರೆತ ಒಂದು ಬಾಯಿ. ಕೈ ಬಿಟ್ಟು ಓಡಿದರೆ ಊರಿನ ಒಂದು ವರ್ಷದ ಕಂಬಳಿ ಹಪ್ಪಳ; ಓಡದಿದ್ದರೆ ಎಲ್ಲರೂ ಹಪ್ಪಳ. ಬೇರೆ ಯಾರಾದರೂ ಆಗಿದ್ದರೆ ಎರಡರಲ್ಲಿ ಒಂದನ್ನು ಆರಿಸುತ್ತಿದ್ದರು. ‘ಗೂಟ ಕೀಳ್ರೇ!’ ಎಂದು ಸಿರಿಯಜ್ಜಿ ಅರಚಿದಳು. ‘ಕೈ ಬಿಡಬ್ಯಾಡ್ರೀ! ಹಾಸು ಹಿಡ್ಕಂಡೇ ನಡೀರಿ! ಬಡಗಲ ಕಡೀಕೆ! ಬಿಗಿ, ಬಿಗಿ ತಪ್ಪಬಾರ್ದು!’ ಮಾತು ಗೂಟದಿಂದ ಗೂಟಕ್ಕೆ, ಬಾಯಿಂದ ಬಾಯಿಗೆ ಸಾಲಿನುದ್ದಕ್ಕೂ ಓಡಿತು. ಏಕೆ ಎಂದು ಒಬ್ಬಳೂ ಕೇಳಲಿಲ್ಲ; ಕೇಳುವುದಕ್ಕೆ ಬಾಯಿಗೆ ಬಿಡುವಿತ್ತು, ಹೊತ್ತಿರಲಿಲ್ಲ. ಎಡಗೈಯಲ್ಲಿ ಹಾಸು, ಬಲಗೈಯಲ್ಲಿ ಕುಂಚ, ಒಂದೇ ಹೆಜ್ಜೆ. ಮಲಗಿದ್ದ ಕರಿನಾಗರ ಮಗ್ಗುಲು ಬದಲಿಸಿದ ಹಾಗೆ, ಬಯಲಿನುದ್ದದ ಹಾಸು ಒಂದು ಎಳೆಯೂ ಸಡಿಲವಾಗದೆ ಬಡಗಲಿಗೆ ಸರಿಯಿತು.

ಮೇಲಿದ್ದವನಿಗೆ ಕಂಡದ್ದೇ ಬೇರೆ. ಟಾರುರಸ್ತೆ ಎದ್ದು ನಿಂತು, ಕಾಲು ಹಾಕಿ, ಪಕ್ಕಕ್ಕೆ ನಡೆದುಹೋಯಿತು. ಪ್ರಾಣ ಹೋಗುವಾಗ ಹೀಗೆಲ್ಲ ಕಾಣುತ್ತದೆಂದು ಅವನು ಕೇಳಿದ್ದ, ಇಷ್ಟು ಬೇಗ ಎಂದು ಗೊತ್ತಿರಲಿಲ್ಲ. ಚಕ್ರಗಳು ನೆಲಕ್ಕೆ ತಾಗಿ, ಪುಟಿದು, ಮತ್ತೆ ತಾಗಿದವು. ಕೆಳಗಿನ ಎಡರೆಕ್ಕೆ ಬದಿಯಲ್ಲಿದ್ದ ಗಂಜಿಯ ಹಂಡೆಯ ಮೇಲೆ ಹಾಯಿತು. ಬಲರೆಕ್ಕೆಯ ತುದಿ ಹೆಂಗಸರ ಸಾಲಿನ ಪಕ್ಕಕ್ಕೇ, ಕುಂಚ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಒಬ್ಬೊಬ್ಬರ ಸೆರಗನ್ನೂ ಹಾರಿಸುತ್ತ ಹೋಯಿತು. ದ್ಯಾಮಕ್ಕ ಅದಕ್ಕೂ ಒಂದು ಕುಂಚ ಗಂಜಿ ಬಳಿದಳು ಎನ್ನುತ್ತಾರೆ. ಆ ವಿಮಾನಕ್ಕೆ ಬ್ರೇಕೂ ಇರಲಿಲ್ಲ. ಅವನು ಕೋಲನ್ನು ಎದೆಗೆ ಅವುಚಿಕೊಂಡು, ನೆಲಕ್ಕೆ ದಯೆ ಬರುವುದನ್ನೇ ಕಾಯುತ್ತ ಕೂತ. ಬಯಲು ಮುಗಿಯುವಷ್ಟರಲ್ಲಿ ದಯೆ ಬಂತು. ಪಡುವಣ ತುದಿಯ ಕಳ್ಳಿಯ ಮೆಳೆಗೆ ಮೂಗು ತೂರಿಸಿ, ಬಾಲವೆತ್ತಿ, ಲಟಕ್ಕೆಂದು ಪಂಖದ ಒಂದು ರೆಕ್ಕೆಯನ್ನು ಮುರಿದುಕೊಂಡು ವಿಮಾನ ನಿಂತಿತು.

ಸಂಪಂಗಿರಾಮ ಕಟ್ಟು ಬಿಚ್ಚಿಕೊಂಡು ಜಾರಿ ಕೆಳಗೆ ಬಿದ್ದ. ಕೈಕಾಲು ಮುಟ್ಟಿ ನೋಡಿದ, ಇದ್ದವು. ಜನ ಓಡಿ ಬರುತ್ತಾರೆ, ನೀರು ಕೊಡುತ್ತಾರೆ, ಎತ್ತಿ ಕೂರಿಸುತ್ತಾರೆ ಎಂದು ಕಾದ. ಒಬ್ಬರೂ ಬರಲಿಲ್ಲ. ಹಾಸು ಹೊಸ ಜಾಗದಲ್ಲಿ ಗೂಟಕ್ಕೆ ಏರಿತ್ತು, ಹೆಂಗಸರು ಎರಡೂ ಕಡೆ ನಿಂತು ಏನೂ ಆಗದವರಂತೆ ತಿಕ್ಕುತ್ತಿದ್ದರು. ಆಗ ಅವನಿಗೆ ನಿಜವಾದ ಹೆದರಿಕೆ ಹುಟ್ಟಿತು. ತಾನು ಸತ್ತಿರಬೇಕು; ಅದಕ್ಕೇ ಯಾರಿಗೂ ಕಾಣುತ್ತಿಲ್ಲ. ಬಯಲಿನುದ್ದಕ್ಕೂ ತೊಡರುಗಾಲು ಹಾಕುತ್ತ ನಡೆದು ಬೆಳ್ಳಿತಲೆಯ ಎದುರಿಗೆ ಬಂದು ನಿಂತ.

‘ಅಮ್ಮಾ, ನಾನು ಬದುಕಿದೀನಾ?’

ಸಿರಿಯಜ್ಜಿ ಅವನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು. ‘ಅದನ್ನ ಆಮ್ಯಾಲೆ ನೋಡಾನಪ್ಪ. ಇವಳ ಕೈ ಸೋತೈತೆ, ಆ ಕುಂಚ ಹಿಡಿ.’

ಅವನು ಹಿಡಿದ. ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ನಾಲ್ಕು ಹೆಂಗಸರ ತಿಕ್ಕಾಟ ಅವನೊಬ್ಬನಲ್ಲೇ ಆಗಿ, ಅವನೆದುರಿಗಿನ ಹಾಸು ಎಲ್ಲಕ್ಕಿಂತ ಮೊದಲು ಒಣಗಿತು. ಎಲ್ಲವೂ ಒಣಗಿ, ಸಿರಿಯಜ್ಜಿ ಎಳೆ ಮುಟ್ಟಿ ನೋಡಿ ‘ಆತು’ ಎಂದಾಗ ಕುಂಚಗಳೆಲ್ಲ ಒಟ್ಟಿಗೆ ಕೆಳಗೆ ಬಿದ್ದವು. ಅವುಗಳ ಹಿಂದೆಯೇ ಹೆಂಗಸರೂ ಸಾಲಾಗಿ ಕುಸಿದು ಕೂತರು. ಕೆಲವರು ಅತ್ತರು, ಕೆಲವರು ಮಕ್ಕಳ ಹೆಸರು ಹಿಡಿದು ಕೂಗಿದರು, ದ್ಯಾಮಕ್ಕ ವಿಮಾನದ ವಂಶವನ್ನೆಲ್ಲ ಬೈದಳು. ಸಿರಿಯಜ್ಜಿಯ ಹಲ್ಲು ಕಟಕಟಿಸಲು ಶುರುವಾದದ್ದು ಆಗಲೇ. ಸಂಪಂಗಿರಾಮ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡ. ಇಬ್ಬರ ಕೈಯೂ ಗಂಜಿಯಾಗಿದ್ದುದರಿಂದ ಬಿಡಿಸಲು ಬಿಸಿನೀರು ತರಬೇಕಾಯಿತು.

ಕೆಲವು ದಿನಗಳ ಮೇಲೆ ವಿಮಾನಶಾಲೆಯವರು ಬಂದರು. ಎಣ್ಣೆ ಹರಿಯುವ ಕೊಳವೆಯೊಂದು ಬಿರುಕು ಬಿಟ್ಟಿತ್ತು, ಅಷ್ಟೇ ಎಂದರು. ರೆಕ್ಕೆ ಬಿಚ್ಚಿ, ವಿಮಾನವನ್ನು ಎತ್ತಿನ ಗಾಡಿಗಳ ಮೇಲೆ ಹೇರಿಕೊಂಡು ಹೋದರು. ಅಷ್ಟು ಹೊತ್ತಿಗೆ ಸಂಪಂಗಿರಾಮ ಊರಿನ ಮನೆಮನೆಯಲ್ಲೂ ಮುದ್ದೆ ಉಂಡು, ಬಂದಾಗಿನ ಎರಡರಷ್ಟಾಗಿದ್ದ. ಅವನು ಆಮೇಲೆ ದೊಡ್ಡ ವಿಮಾನಗಳನ್ನು ನಡೆಸಿದನೆಂದು ಕೆಲವರು, ಇಲ್ಲ, ತಿರುಗಿ ಸೊಪ್ಪಿನ ಮಡಿಗೇ ಇಳಿದನೆಂದು ಕೆಲವರು ಹೇಳುತ್ತಾರೆ. ಮುರಿದ ಪಂಖದ ರೆಕ್ಕೆ ಮಾತ್ರ ಕಳ್ಳಿಯ ಮೆಳೆಯಲ್ಲೇ ಉಳಿಯಿತು. ಬೇಡಿ ಬಂದವರನ್ನು ಇಲ್ಲವೆಂದು ಕಳಿಸುವ ಮಾತಿನಿಂದಲೇ ಒಂದು ಜೀವ ಉಳಿದದ್ದು ನಮ್ಮೂರಲ್ಲಿ ಅದೇ ಮೊದಲು. ಆದ್ದರಿಂದ ಊರಿನವರು ಕಟ್ಟೆ ಕಟ್ಟಿ, ಆ ರೆಕ್ಕೆಯನ್ನು ನಿಲ್ಲಿಸಿ, ಸಿರಿಯಜ್ಜಿ ಅಂದು ಕರೆದ ಹೆಸರಿನಿಂದಲೇ ಕರೆದರು. ಬಯಲಿನ ಹಳೆಯ ಹೆಸರು ಏನಿತ್ತೆಂದು ಈಗ ಯಾರಿಗೂ ನೆನಪಿಲ್ಲ.

ಇಂದಿಗೂ ದಾರಿಯಲ್ಲಿ ಕೆಟ್ಟುನಿಂತ ಲಾರಿಯವರು, ಟ್ರ್ಯಾಕ್ಟರಿನವರು ಬಂದು ಕಟ್ಟೆಗೆ ಕಾಯಿ ಒಡೆಯುತ್ತಾರೆ. ಆದರೆ ಬಂದವರು ತಪ್ಪದೆ ಕೇಳುವುದು ಬೇರೆಯದನ್ನು. ಹೆಂಗಸರು ಈಗಲೂ ಹಾಸು ಹೂಡುವುದು ಅಂದು ಹೊತ್ತೊಯ್ದು ನಿಲ್ಲಿಸಿದ ಬಡಗಲ ಸಾಲಿನಲ್ಲೇ. ಅದರ ಪಕ್ಕದಲ್ಲಿ, ಬಯಲಿನ ನಟ್ಟನಡುವೆ, ಮೂಡಣದಿಂದ ಪಡುವಣದವರೆಗೆ ಅಗಲವಾದ ಒಂದು ಪಟ್ಟಿ ಬರಿದಾಗಿಯೇ ಇದೆ. ಅಲ್ಲಿ ಯಾರೂ ಗೂಟ ನೆಡುವುದಿಲ್ಲ, ಕುರಿ ನಿಲ್ಲಿಸುವುದಿಲ್ಲ. ಆದರೂ ಬೆಳಗಾದರೆ ಯಾರಾದರೊಬ್ಬರು ಪೊರಕೆ ಹಿಡಿದು ಅದನ್ನು ಗುಡಿಸುತ್ತಿರುತ್ತಾರೆ, ಮಳೆ ಬಂದು ಹೋದರೆ ಮಂಡಿಯೂರಿ ಹರಳು ಆಯುತ್ತಿರುತ್ತಾರೆ. ಯಾತಕ್ಕೆ ಎಂದು ಕೇಳಿದರೆ, ಮೇಲೆ ಯಾರಿಗೆ ಯಾವಾಗ ಏನಾಗುತ್ತದೋ, ಇಳಿಯಲು ಒಂದಿಷ್ಟು ಜಾಗ ಇರಲಿ ಎನ್ನುತ್ತಾರೆ. ಆಮೇಲೆ ಯಾರೂ ಇಳಿದಿಲ್ಲ. ಗುಡಿಸುವುದು ನಿಂತಿಲ್ಲ.

ಇದಿಷ್ಟೂ ಸತ್ಯ. ಒಂದೇ ಒಂದು ಸಣ್ಣ ವಿಷಯ ಮಾತ್ರ ಕಟ್ಟಿದ್ದು. ಸಂಪಂಗಿರಾಮ ‘ಅಕ್ಕಂದಿರಾ’ ಎಂದು ಕೂಗಲೇ ಇಲ್ಲ. ಅಷ್ಟು ಹೊತ್ತು ಅವನಿಗೆಲ್ಲಿತ್ತು? ಅವನು ಕೂಗಿದ್ದು ಎರಡೇ ಸಲ, ಎರಡನೆಯದೇ ‘ಅಮ್ಮಾ’, ಅದಕ್ಕೇ ಸಿರಿಯಜ್ಜಿ ಓಗೊಟ್ಟಳು. ಅಂದು ಸಂಜೆ ಊರಿನ ಯಜಮಾನರು ಕೂತು, ಎಷ್ಟನೆಯ ಕೂಗಿಗೆ ಅಜ್ಜಿ ಬಾಯಿ ಬಿಟ್ಟಳೆಂದು ವಿಚಾರಿಸಿದಾಗ, ಬಯಲಿನಲ್ಲಿದ್ದ ಹೆಂಗಸರೆಲ್ಲ ದ್ಯಾಮಕ್ಕನ ಮುಖ ನೋಡಿದರು. ದ್ಯಾಮಕ್ಕ ಅತ್ತೆಯ ಮುಖ ನೋಡದೆ ‘ಮೂರ್ನೇದಕ್ಕೆ’ ಎಂದಳು. ಹೌದು, ಮೂರು ಎಂದರು ಎಲ್ಲರೂ. ಕಡೆಗೆ ಸಂಪಂಗಿರಾಮನನ್ನು ಕರೆಸಿ ಕೇಳಿದರು. ಅವನು, ಎಲ್ಲಿಯಾದರೂ ಕಡಿಮೆಯಾದೀತೆಂದು ಹೆದರಿ, ನಾಲ್ಕು ಎಂದ.